ಈಸು ಬಾರದ ಈಸಿನ ಮಾಸ್ತರ

ಕಲಿಸುವವನಿಗೆ ತಾನು ಕಲಿಸುವುದು ಗೊತ್ತಿರಬೇಕು ಎಂದು ಬಹಳ ಜನ ನಂಬಿದ್ದಾರೆ. ಇಷ್ಟು ವರ್ಷ ಮಾಸ್ತರಿಕೆ ಮಾಡಿದ ಮೇಲೂ ನನಗೆ ಆ ನಂಬಿಕೆ ಬಂದಿಲ್ಲ. ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ನನ್ನಿಂದ ಕಲಿತವರು ಕಡಿಮೆ. ಈಸು ನನಗೆ ಸ್ವಲ್ಪವೂ ಬರುತ್ತಿರಲಿಲ್ಲ. ಆದರೆ ನನ್ನ ಈಸಿನ ತರಗತಿಯಲ್ಲಿ ನಪಾಸಾದವನು ಒಬ್ಬನೂ ಇಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಅಫಜಲಪುರದ ಶಾಲೆಯ ಮೇಲಿನ ತರಗತಿಗೆ ನಾನು ಹಂಗಾಮಿ ಲೆಕ್ಕದ ಮಾಸ್ತರ. ಮದುವೆಯಾಗಿ ವರ್ಷವಾಗಿದ್ದರೂ ಹೆಂಡತಿ ಗೌರಮ್ಮ ಆಳಂದದ ತವರಿನಲ್ಲೇ ಇದ್ದಳು. ಮಾವನವರು ಕಾಳಿನ ವ್ಯಾಪಾರಿ. ಅಂಗೈಯಲ್ಲಿ ತಿಕ್ಕಿ ನೋಡದೆ ಒಂದು ಚೀಲವನ್ನೂ ಎತ್ತಿಸುವವರಲ್ಲ. “ನೌಕರಿ ಪಕ್ಕಾ ಆಗ್ಲಿ ಅಳಿಯಂದ್ರ, ಮರುದಿನಾನೇ ಮಗಳ್ನ ಕಳಸ್ತೇನಿ. ಹಂಗಾಮಿ ಮಾಸ್ತರನ ಮನಿಗೆ ಕಾಯಂ ಹೆಂಡ್ತೀನ ಹ್ಯಾಂಗ ಕಳಸ್ಲಿ ಹೇಳ್ರಿ?” ಎಂದಿದ್ದರು. ಬಾಗಿಲ ಹಿಂದೆ ಗೌರಮ್ಮ ನಕ್ಕಿದ್ದು ನನಗೆ ಕೇಳಿಸಿತ್ತು. ಆ ನಗು ಕೇಳುತ್ತ ಊಟ ಮಾಡುವ ದಿನ ಯಾವಾಗ ಬಂದೀತೆಂದು, ನಾನೇ ಬಡಿದು ಸುಟ್ಟ ಮುರುಕು ರೊಟ್ಟಿಯನ್ನು ಒಬ್ಬನೇ ಕೂತು ತಿನ್ನುತ್ತಿದ್ದೆ.

ಅಷ್ಟರಲ್ಲಿ ಮೇಲಿನಿಂದ ಒಂದು ಹುಕುಂ ಬಂತು. ದೊಡ್ಡ ಹುಡುಗರಿಗೆ ಬರೀ ತಾಲೀಮು, ಅಂದರೆ ಪಾಠ, ಸಾಲದು. ತರಬಿಯತ್ ಬೇಕು, ಅಂದರೆ ಮೈ, ಕೈ, ಮನಸ್ಸು ಮೂರೂ ಬೆಳೆಯಬೇಕು. ಪ್ರತಿಯೊಬ್ಬ ಮಾಸ್ತರನೂ ಪುಸ್ತಕದಲ್ಲಿಲ್ಲದ ಒಂದು ವಿದ್ಯೆ ಕಲಿಸಬೇಕು. ತಪಾಸಣೆಯ ಸಾಹೇಬರು ಬಂದು ನೋಡುತ್ತಾರೆ. ಹಂಗಾಮಿಗಳನ್ನು ಕಾಯಂ ಮಾಡುವುದು ಅದರ ಮೇಲೆ. ಉರ್ದು ಮಾಸ್ತರು ಕೂಡಲೇ ಭಾಷಣ ಹಿಡಿದರು, ಇತಿಹಾಸದವರು ಬದನೆಕಾಯಿ ಬೆಳೆಸುವುದನ್ನು. ಹೆಡ್‌ಮಾಸ್ತರು ಎಲ್ಲದರ ಮೇಲ್ವಿಚಾರಣೆಯನ್ನು ತಮಗಿಟ್ಟುಕೊಂಡರು. ಆ ದಿನ ನಾನು ರಜೆ ಹಾಕಿ ಆಳಂದದಲ್ಲಿ ಅದೇ ಬಾಗಿಲ ಮುಂದೆ ಕೂತಿದ್ದೆ. ಮರಳಿ ಬಂದಾಗ ಉಳಿದಿದ್ದು ಈಸು ಒಂದೇ.

“ಭೀಮಾ ಹೊಳಿ ಇರೂದೇ ಇಷ್ಟು ಹತ್ತರ. ನಿಮಗ ಈಸಾಕ ಬರ್ತದಲ್ರಿ?” ಎಂದು ಹೆಡ್‌ಮಾಸ್ತರು ಕೇಳಿದರು. ನಾನು ಹುಟ್ಟಿದ್ದು ಜೇವರ್ಗಿ ಕಡೆಯ ಎರೆಹೊಲದ ಹಳ್ಳಿಯಲ್ಲಿ. ಬೇಸಿಗೆಯಲ್ಲಿ ನಮ್ಮೂರ ಬಾವಿಯಲ್ಲಿ ಕೊಡ ಕೂಡ ಮುಳುಗುತ್ತಿರಲಿಲ್ಲ. ಆದರೆ ಗೌರಮ್ಮನ ಮುಖ ಕಣ್ಣ ಮುಂದೆ ಬಂತು. “ಬರ್ತದ್ರಿ” ಎಂದುಬಿಟ್ಟೆ.

ನನ್ನ ಪಾಲಿಗೆ ಬಂದ ಹನ್ನೆರಡು ಹುಡುಗರೂ ಹೊಳೆದಂಡೆಯ ಊರುಗಳವರು, ನಡೆಯುವುದಕ್ಕೆ ಮೊದಲೇ ಈಸಿದವರು. ಮೊದಲ ದಿನ ನಾನು ದಂಡೆಯ ಉಸುಕಿನಲ್ಲಿ ಗೆರೆ ಎಳೆದು, ಕೈ ಯಾವ ಕೋನದಲ್ಲಿ ನೀರನ್ನು ತಳ್ಳಬೇಕೆಂದು ವಿವರಿಸಿದೆ. ಪಾಪ, ಕೈಕಟ್ಟಿ ಕೇಳಿದರು. ಅವರಲ್ಲಿ ಭೀಮಶಾ ಎಂಬವನು ಅಂಬಿಗರ ಹುಡುಗ. ಮೀಸೆ ಬಂದಿದ್ದರೂ ಲೆಕ್ಕ ಬಂದಿರಲಿಲ್ಲ. ಹಿಂದಿನ ವರ್ಷ ನಾನೇ ಅವನನ್ನು ನಪಾಸು ಮಾಡಿದ್ದೆ. ಅವನು ನನ್ನ ಗೆರೆ ನೋಡಲಿಲ್ಲ, ಕಾಲು ನೋಡಿದ.

“ಮಾಸ್ತರ, ದಂಡಿಗೆ ನಿಂತೇ ಕಾಲ್ಬೆರಳಿಲೆ ಉಸುಕು ಗಟ್ಟಿ ಹಿಡಕೊಂಡೀರಿ. ನಿಮಗ ಈಸಾಕ ಬರಂಗಿಲ್ಲ, ಹೌದಲ್ರಿ?”

ನಾನು ಎಲ್ಲವನ್ನೂ ಹೇಳಿಬಿಟ್ಟೆ, ಮಾವನವರನ್ನೂ ಬಿಡಲಿಲ್ಲ. ಹುಡುಗರು ಮುಖ ಮುಖ ನೋಡಿಕೊಂಡರು. “ಅಂದ್ರ ಅಕ್ಕಾರು ಬರಬೇಕಾದ್ರ ನೀವು ನೀರಿಗಿಳೀಬೇಕು” ಎಂದ ಭೀಮಶಾ. “ನಾಳಿಂದ ನಸುಕಿನ್ಯಾಗ, ಹೊತ್ತು ಹೊಂಡೂಕಿಂತ ಮೊದಲ ಬರ್ರಿ. ಊರಾಗ ಯಾರಿಗೂ ಹೇಳಂಗಿಲ್ಲ.”

ನಮ್ಮ ಕಡೆ ಈಸು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಾರೆ, ತೇಲಲಿ ಎಂದು. ಮಕ್ಕಳಿಗೆ ಒಂದು, ನನಗೆ ಎರಡು ಕಟ್ಟಿದರು. ಹದಿನೈದು ದಿನ ನಾನು ಕುಡಿದ ನೀರಿಗೆ ಹೊಳೆ ಒಂದು ಗೇಣು ಇಳಿದಿರಬೇಕು. ಕೈ ಬಂತು, ಕಾಲು ಬರಲಿಲ್ಲ.

ಸಾಹೇಬರು ಬಂದೇಬಿಟ್ಟರು. ಬುರುಡೆ ಬಿಟ್ಟು ನೀರಿಗಿಳಿಯುವ ಧೈರ್ಯ ನನಗಿಲ್ಲ. ಬೆನ್ನಿಗೆ ಕಟ್ಟಿದರೆ ಗೂನು ಕಾಣುತ್ತದೆ. ಆದ್ದರಿಂದ ಹುಡುಗರಿಗೂ ಹೇಳದೆ ಹೊಟ್ಟೆಗೆ ಕಟ್ಟಿಕೊಂಡು ಮೇಲೆ ಸಡಿಲ ಅಂಗಿ ತೊಟ್ಟೆ. ಮಾಸ್ತರನಿಗೆ ಹೊಟ್ಟೆಯಿದ್ದರೆ ಯಾರೂ ಸಂಶಯಪಡುವುದಿಲ್ಲ. ಹುಡುಗರು ಮೀನಿನ ಹಾಗೆ ಈಸಿ ತೋರಿಸಿ ದಂಡೆಗೆ ಬಂದರು. ಸಾಹೇಬರು ಖುಷಿಯಾಗಿ ನನ್ನ ಕಡೆ ತಿರುಗಿ, “ಮಾಸ್ಟರ್ ಸಾಬ್, ಅಬ್ ಆಪ್ ಉತರಿಯೇ” ಎಂದರು, ಅಂದರೆ ಈಗ ನಾನು ನೀರಿಗಿಳಿಯಬೇಕು. ಇಳಿದೆ.

ಹೊಟ್ಟೆಗೆ ಕಟ್ಟಿದ ಬುರುಡೆ ಮೇಲಕ್ಕೇ ಬರುತ್ತದೆ ಎಂಬುದು ಲೆಕ್ಕದ ಮಾಸ್ತರನಿಗೆ ಹೊಳೆದಿರಲಿಲ್ಲ. ಒಂದೇ ಕ್ಷಣದಲ್ಲಿ ಅಂಗಾತ ತಿರುಗಿದೆ. ಎರಡು ಬುರುಡೆ ಆಕಾಶಕ್ಕೆ, ನಾನು ಅವುಗಳ ಕೆಳಗೆ, ಹೊಳೆ ನಮ್ಮನ್ನು ಒಯ್ಯುವ ದಿಕ್ಕು ಯಾವುದೆಂದೂ ಕಾಣುತ್ತಿರಲಿಲ್ಲ. ಅಯ್ಯೋ ಗೌರಮ್ಮಾ ಎಂದು ಕೂಗಿದ್ದು ನೆನಪಿದೆ. ಯಾರೂ ಹೇಳಿರಲಿಲ್ಲ, ಹನ್ನೆರಡು ಹುಡುಗರೂ ಒಟ್ಟಿಗೆ ಹಾರಿದರು. ನನ್ನನ್ನು ಎತ್ತಿ ದಂಡೆಗೆ ಹಾಕಿ, ಸಾಹೇಬರು ನೋಡದ ಹಾಗೆ ಬುರುಡೆ ಮುಚ್ಚಿ ಸುತ್ತ ನಿಂತರು.

ಸಾಹೇಬರು ನೋಡಿಯೇ ಇದ್ದರು. ನಕ್ಕು ಕಣ್ಣೊರೆಸಿಕೊಂಡು, ಈಸು ಯಾರಿಂದ ಯಾರು ಕಲಿತರೋ ನನಗೆ ಬೇಡ, ಮಾಸ್ತರನಿಗಾಗಿ ಹೇಳಿಸಿಕೊಳ್ಳದೆ ನೀರಿಗೆ ಬೀಳುವ ಹುಡುಗರನ್ನು ನಾನು ಬೇರೆಲ್ಲೂ ಕಂಡಿಲ್ಲ, ಇದೇ ತರಬಿಯತ್ತು ಎಂದರು. ನನಗೆ ಅಳು ಬಂತು; ಮೈ ಒದ್ದೆಯಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ನೌಕರಿ ಕಾಯಂ ಆಯಿತು. ಈಸು ಕಲಿಸಿದ್ದಕ್ಕಾಗಿ ಎಂದು ಮಾವನವರಿಗೆ ಕಾಗದ ಬರೆದೆ. ಗೌರಮ್ಮ ಬಂದಳು.

ಅವಳು ಬಂದ ವಾರದಲ್ಲೇ ಭೀಮಶಾನನ್ನು ಮನೆಗೆ ಕರೆಸಿದೆ. ಪರೀಕ್ಷೆ ಹತ್ತಿರವಿತ್ತು, ಈ ಸಲ ಅವನನ್ನು ಪಾಸು ಮಾಡಿಸಲೇಬೇಕೆಂದು ಹಟ ತೊಟ್ಟಿದ್ದೆ. ಎರಡನೆಯ ಲೆಕ್ಕ ತಪ್ಪುವಷ್ಟರಲ್ಲಿ ನನ್ನ ಕೈ ಅವನ ಕಿವಿಗೆ ಹೋಗಿತ್ತು. ಅವನು ಸಿಟ್ಟಾಗಲಿಲ್ಲ.

“ಕಿವಿ ಬಿಡ್ರಿ ಮಾಸ್ತರ. ನಿಮಗ ಈಸು ಕಲಸಾಕತ್ತಾಗ ನಾ ಹೊಟ್ಟಿ ಕೆಳಗ ಕೈ ಹಿಡದಿದ್ದೆ. ಕಿವಿ ಹಿಡದಿದ್ರ ನೀವು ಅಲ್ಲೇ ಮುಳಗತಿದ್ರಿ.”

ನಾನು ಕಿವಿ ಬಿಟ್ಟೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. “ಏನಂದಿ ತಮ್ಮಾ? ಯಾರು ಯಾರಿಗೆ ಈಸು ಕಲಿಸ್ಯಾರ?” ಎಂದಳು ಗೌರಮ್ಮ.

ಭೀಮಶಾ ನನ್ನ ಮುಖ ನೋಡಿದ. ಆಮೇಲೆ ಗಟ್ಟಿಯಾಗಿ, “ಮಾಸ್ತರೇ ಕಲಿಸ್ಯಾರ್ರಿ ಅಕ್ಕಾರ, ನಮಗ ಹನ್ನೆರಡೂ ಮಂದಿಗಿ” ಎಂದ.

ಅಲ್ಲ ಎನ್ನಲು ಬಾಯಿ ತೆರೆದೆ. “ಮುಂದಿನ ಲೆಕ್ಕ ಮಾಡು” ಎಂದೆ.