ಎಂಟಡಿಯ ಮಣ್ಣಿನ ಗೋಡೆ

ರಂಪವೆಲ್ಲ ಶುರುವಾದದ್ದು ಒಂದು ಚೊಂಬು ನೀರಿನಿಂದ.

ಬೆಳಿಗ್ಗೆ ಎಂಟು ಗಂಟೆಗೆ ಸಿಮೆಂಟ್ ಅಂಗಡಿಯ ಯಜಮಾನರು ಬಾಯಿ ಮುಕ್ಕಳಿಸುತ್ತ ಬಡಾವಣೆಯ ಮೈದಾನಕ್ಕೆ ಬಂದರು. ಅದರ ನಟ್ಟನಡುವೆ ನಿಂತಿದ್ದ ಮಣ್ಣಿನ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಚೊಂಬಿನಲ್ಲಿ ಉಳಿದಿದ್ದ ನೀರನ್ನು ಅದರ ಮುಖಕ್ಕೆ ರಪ್ಪನೆ ಎರಚಿದರು. ನೀರು ಇಳಿದು ಹೋಯಿತು. ಗೋಡೆ ಇದ್ದ ಹಾಗೇ ಇತ್ತು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗೋಡೆಯ ಆಚೆ ಬದಿಯಲ್ಲಿ ಅದನ್ನು ಕಟ್ಟಿಸಿದ ನಕ್ಷೆಯವನು ಕೂತಿದ್ದ.

"ಚೊಂಬು ಯಾಕೆ ಯಜಮಾನ್ರೇ? ಕೊಡಾನೇ ತನ್ನಿ!" ಎಂದು ಎದ್ದು ಬಂದ.

ಬೆಳಿಗ್ಗೆ ಮನೆ ಬಿಡುವಾಗ ಅವನ ಹೆಂಡತಿ ಕೇಳಿಕೊಂಡದ್ದು ಒಂದೇ: "ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಂಡಿರಿ. ಏನು ಹೇಳ್ಬೇಕೋ ಆ ಗೋಡೇನೇ ಹೇಳ್ಲಿ." ಅವನು ತಲೆಯಾಡಿಸಿ ಹೊರಟಿದ್ದ. ಆ ಬೀಗ ಎಂಟೂ ಐದಕ್ಕೇ ಕಳಚಿ ಬಿತ್ತು.

ಅವನ ಕಷ್ಟ ಅವನಿಗೆ. ಹದಿನಾಲ್ಕು ವರ್ಷಗಳಿಂದ ಅವನು ಬರೆದದ್ದು ಬರೀ ಕಾಂಪೌಂಡುಗಳು. ಜನ ಮನೆಯ ನಕ್ಷೆಯನ್ನು ದೊಡ್ಡ ಕಚೇರಿಯವರಿಂದ ಬರೆಸಿ ಕಾಂಪೌಂಡಿಗೆ ಮಾತ್ರ ಇವನನ್ನು ಕರೆಯುತ್ತಿದ್ದರು, ಊಟ ಬೇರೆಲ್ಲೋ ಮುಗಿಸಿ ಕೈ ತೊಳೆಯಲು ಇವನ ಬಚ್ಚಲಿಗೆ ಬಂದ ಹಾಗೆ. ಒಳಗೆ ಯಾರಾದರೂ ಕೂತುಕೊಳ್ಳುವಂಥದ್ದನ್ನು ಅವನು ಈವರೆಗೆ ಕಟ್ಟಿಯೇ ಇರಲಿಲ್ಲ.

ಬಡಾವಣೆಯ ಮೈದಾನದಲ್ಲೊಂದು ಸಾಂಸ್ಕೃತಿಕ ಭವನ ಬೇಕೆಂದಾಗ ಅವನು ಆರು ತಿಂಗಳು ಕೂತು ನಕ್ಷೆ ಬರೆದ. ಮಣ್ಣಿನ ಗೋಡೆ, ಬಿದಿರಿನ ಮಾಡು, ಹೆಂಚು, ಸುತ್ತ ಜಗಲಿ. ಜಗಲಿಯ ಎತ್ತರವನ್ನು ಯಾವ ಪುಸ್ತಕದಿಂದಲೂ ತೆಗೆಯಲಿಲ್ಲ. ಹಳೆ ಬೀದಿಯ ಮುದುಕರು ಯಾವ ಯಾವ ಕಟ್ಟೆಯ ಮೇಲೆ ಕೂತು ಹರಟುತ್ತಾರೋ ಅವನ್ನೆಲ್ಲ ಟೇಪು ಹಿಡಿದು ಅಳೆದ. ಅಳೆಯುವಾಗ ಎದ್ದು ನಿಂತ ಮುದುಕರಿಂದ ಬೈಸಿಕೊಂಡ.

ಸಮಿತಿಯಲ್ಲಿ ಸಿಮೆಂಟ್ ಅಂಗಡಿಯವರು ಗಾಜಿನ ಪೆಟ್ಟಿಗೆಯಂಥ ಇನ್ನೊಂದು ನಕ್ಷೆ ತಂದಿದ್ದರು. "ಮಣ್ಣು ಮೊದಲ ಮಳೆಗೇ ಪಾಯಸ ಆಗುತ್ತೆ" ಎಂದರು. ಹಾಗಾದರೆ ಮಾದರಿಗೆ ಒಂದು ಗೋಡೆ ಕಟ್ಟಿ ತೋರಿಸಲಿ ಎಂದರು ಅಧ್ಯಕ್ಷರು.

"ಮೈದಾನದ ನಡೂಮಧ್ಯೆ ಕಟ್ಲಿ. ಬೀಳೋದು ಎಲ್ರಿಗೂ ಕಾಣ್ಲಿ" ಎಂದರು ಅಂಗಡಿಯವರು.

"ನಡೂಮಧ್ಯೇನೇ ಕಟ್ತೀನಿ!" ಎಂದ ಇವನು.

ಕಟ್ಟಿದವಳು ಗೋಡೆಯಜ್ಜಿ. ಐವತ್ತು ವರ್ಷದಿಂದ ಮಣ್ಣು ತುಳಿದ ಕಾಲು. ಮಾತು ಬಹಳ ಕಡಿಮೆ. "ಮೂಲೇಲಿ ಕಟ್ಟಿದ್ರೆ ಸಾಲ್ದಾ ಸಾರ್?" ಎಂದು ಒಂದೇ ಸಲ ಕೇಳಿದ್ದಳು. ಸಾಲದು ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ. ಮೂರಡಿ ಆಳ ಪಾಯ ತೆಗೆದಳು, ಮಣ್ಣು, ಮರಳು, ಸುಣ್ಣ, ಹುಲ್ಲು ಕಲಸಿ ಪದರ ಪದರವಾಗಿ ಗುದ್ದಿದಳು. ಒಣಗಲು ನಾಲ್ಕು ವಾರ ಬಿಟ್ಟಳು. ಎಂಟಡಿ ಉದ್ದ, ಆಳೆತ್ತರ, ಒಂದೂವರೆ ಅಡಿ ದಪ್ಪ.

ಇವತ್ತು ಮೂರು ಗಂಟೆಗೆ ಸಮಿತಿಯ ತೀರ್ಮಾನ.

ಕೊಡ ಬಂತು. ಆಮೇಲೆ ಪಕ್ಕದ ಮನೆಯ ಪೈಪು ಬಂತು. ಅರ್ಧ ಗಂಟೆ ನೀರು ಬಿಟ್ಟರೂ ಗೋಡೆ ಸ್ನಾನ ಮುಗಿಸಿದ ಎಮ್ಮೆಯ ಹಾಗೆ ಮಿರಮಿರನೆ ಹೊಳೆಯಿತೇ ಹೊರತು ಕದಲಲಿಲ್ಲ. ಪೈಪು ಹಿಡಿದವರ ಧೋತ್ರ ಮಾತ್ರ ತೊಯ್ದು ತೊಪ್ಪೆಯಾಯಿತು. ಅಷ್ಟೊತ್ತಿಗೆ ಅರ್ಧ ಬಡಾವಣೆ ಸೇರಿತ್ತು.

"ಇದೆಲ್ಲಾ ತಾತ್ಕಾಲಿಕ ಕಣ್ರೀ," ಎಂದರು ಅಂಗಡಿಯವರು, ಧೋತ್ರ ಹಿಂಡುತ್ತ. "ನಾಲ್ಕು ದಿನದ ನಾಟಕ!"

ಆ ಮಾತು ನಕ್ಷೆಯವನಿಗೆ ಚುಚ್ಚಿತು. ಚೀಲದಿಂದ ಒಂದು ಹಾಳೆ ಎಳೆದು ದಪ್ಪ ಅಕ್ಷರದಲ್ಲಿ ಬರೆದ: 'ಇದು ತಾತ್ಕಾಲಿಕವಲ್ಲ. ಶಾಶ್ವತ ಕಟ್ಟಡ. ಇದನ್ನು ಯಾರಿಂದಲೂ ಕೆಡವಲಾಗದು.' ಕೆಳಗೆ ಸಹಿ ಹಾಕಿ, ಗೋಂದು ಬಳಿದು ಗೋಡೆಯ ಹಿಂಬದಿಗೆ ಅಂಟಿಸಿದ. ಮುಂಬದಿ ಇನ್ನೂ ಒದ್ದೆಯಾಗಿತ್ತು.

"ಕೆಡವಲಾಗದು ಅಂತಾನೆ! ಎಲ್ಲಿ ನಮ್ಮ ಕಸರತ್ತಿನ ಮೇಷ್ಟ್ರು?" ಎಂದು ಅಂಗಡಿಯವರು ಕೂಗಿದರು.

ಕಸರತ್ತಿನ ಮೇಷ್ಟ್ರು ತೋಳು ತಿರುವುತ್ತ ಸುತ್ತಿಗೆ ತಂದರು. ಮೂರನೇ ಏಟಿಗೆ ಸುತ್ತಿಗೆಯ ಕಾವು ಮುರಿದು ತಲೆ ಹಾರಿ ಹೋಗಿ ಅಂಗಡಿಯವರ ಚೊಂಬಿಗೆ ಬಡಿಯಿತು. ಚೊಂಬು ಚಪ್ಪಟೆಯಾಯಿತು.

"ಇನ್ನೂ ಯಾರಾದ್ರೂ ಇದ್ರೆ ಬನ್ನಿ!" ಎಂದು ನಕ್ಷೆಯವನು ಗೋಡೆ ಹತ್ತಿ ನಿಂತ. "ಬೇಕಾದ್ರೆ ಟ್ರ್ಯಾಕ್ಟರ್ ತನ್ನಿ!"

ತಂದೇಬಿಟ್ಟರು. ಜಲ್ಲಿ ಇಳಿಸಿ ಹೊರಟಿದ್ದ ಟ್ರ್ಯಾಕ್ಟರಿನ ಚಾಲಕ, ಹಿಂದಕ್ಕೆ ಹಿಂದಕ್ಕೆ ಬಂದು ಟ್ರೈಲರಿನಿಂದ ಒಂದು ಗುದ್ದು ಕೊಟ್ಟ. ಟ್ರೈಲರಿನ ಕೆಂಪು ದೀಪ ಪುಡಿಪುಡಿಯಾಯಿತು. ಗೋಡೆಯ ಮೇಲಿದ್ದ ನಕ್ಷೆಯವನು ಕೆಳಗೆ ಬಿದ್ದ. ಗೋಡೆ ಬೀಳಲಿಲ್ಲ.

ಮೊಣಕಾಲು ಸವರಿಕೊಳ್ಳುತ್ತ ಅವನು ಹಿಂಬದಿಯ ನೆರಳಿನಲ್ಲಿ ಒರಗಿ ಕೂತ. ಆಚೆ ಬದಿಯಲ್ಲಿ ದೀಪ ಒಡೆದದ್ದಕ್ಕೆ ಯಾರು ಹೊಣೆ ಎಂದು ಕೂಗಾಟ ನಡೆದಿತ್ತು, ಈಚೆಗೆ ಅದು ಬಾವಿಯೊಳಗಿನ ಮಾತಿನಷ್ಟು ದೂರವಾಗಿ ಕೇಳುತ್ತಿತ್ತು. ಬೆನ್ನಿಗೆ ಮಣ್ಣು ತಂಪಾಗಿತ್ತು. ಪಕ್ಕದಲ್ಲಿ ಅಜ್ಜಿ ಎಲೆಯಡಿಕೆ ಅಗಿಯುತ್ತಿದ್ದಳು. ತಾನು ಕಟ್ಟಬೇಕೆಂದಿರುವುದು ಇಷ್ಟನ್ನೇ, ಗಲಾಟೆಯಿಂದ ಬಂದವನು ಹೀಗೆ ಬೆನ್ನು ಕೊಟ್ಟು ಕೂರುವ ಒಂದು ಜಾಗವನ್ನು, ಎಂದು ಅವನಿಗೆ ಅನ್ನಿಸಿತು. ಇದನ್ನು ಮಾತ್ರ ಯಾರಿಗೂ ಕೂಗಿ ಹೇಳಲು ಅವನಿಗೆ ಬರುತ್ತಿರಲಿಲ್ಲ.

ಮೂರು ಗಂಟೆಗೆ ಅಧ್ಯಕ್ಷರು ಗೋಡೆಯನ್ನು ಎರಡು ಸಲ ತಟ್ಟಿ, "ಒಪ್ಪಿದ್ದೀವಪ್ಪಾ. ನಿನ್ನದೇ ನಕ್ಷೆ" ಎಂದರು. ನಕ್ಷೆಯವನ ಕಣ್ಣು ತುಂಬಿತು.

"ಐದು ಗಂಟೆಗೆ ಅನುದಾನದ ಕಚೇರಿಯಿಂದ ತಪಾಸಣೆಯ ಮೇಡಂ ಬರ್ತಾರೆ. ಜಾಗ ಖಾಲಿ ಇದೆ ಅಂತ ಅವರು ಬರೆದ್ರೆ ಮುಗೀತು," ಎಂದು ಅಧ್ಯಕ್ಷರು ಸೇರಿಸಿದರು. "ಖಾಲಿ ಜಾಗಕ್ಕೆ ಮಾತ್ರ ಹೊಸ ಕಟ್ಟಡ, ಅದು ಅವರ ನಿಯಮ. ಅಷ್ಟರಲ್ಲಿ ಈ ಗೋಡೆ ತೆಗೆದುಬಿಡು."

ನಕ್ಷೆಯವನು ಗೋಡೆಯನ್ನು ನೋಡಿದ. ಗೋಡೆ ಅವನನ್ನು ನೋಡಿದ ಹಾಗಿತ್ತು.

ಎಲ್ಲಿಂದಲೋ ಹಾರೆ ತಂದು ಹೊಡೆದ. ಮೊದಲ ಏಟಿಗೆ ಹಾರೆ ಠಣ್ ಎಂದು ಹಿಂದಕ್ಕೆ ಚಿಮ್ಮಿತು. ಅರ್ಧ ಗಂಟೆಗೆ ಮುಷ್ಟಿಯಷ್ಟು ಮಣ್ಣು ಉದುರಿತು. ಅಂಗಿ ಬೆನ್ನಿಗಂಟಿತು. ಬೆಳಗಿನಿಂದ ಕೆಡವಲು ಒದ್ದಾಡಿದವರೆಲ್ಲ ಈಗ ಮೈದಾನದಾಚೆಯ ಕಟ್ಟೆಯ ಮೇಲೆ ಸಾಲಾಗಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

"ಯಾರಿಂದಲೂ ಆಗಲ್ಲ ಅಂತ ಬರ್ಕೊಟ್ಟಿದ್ದೀರಲ್ಲ ಸಾರ್," ಎಂದರು ಅಂಗಡಿಯವರು. "ಆ ಯಾರಿಂದಲೂ ಒಳಗೆ ನೀವೂ ಬರ್ತೀರಿ."

"ಅಜ್ಜೀ, ಇದನ್ನ ಕೆಡವೋದು ಹೇಗೆ?" ಎಂದು ಏದುಸಿರು ಬಿಟ್ಟ.

"ನಮ್ಮವ್ವ ಕಟ್ಟೋದು ಹೇಳ್ಕೊಟ್ಳು ಸಾರ್," ಎಂದಳು ಅಜ್ಜಿ ಯೋಚಿಸಿ. "ಕೆಡವೋದನ್ನ ಯಾರೂ ಹೇಳ್ಕೊಡ್ಲಿಲ್ಲ."

ಐದಕ್ಕೆ ಸರಿಯಾಗಿ ಮೇಡಂ ಬಂದರು. ಕಾಫಿ ತುಂಬಿದ ಫ್ಲಾಸ್ಕ್ ಹಿಡಿದು ಹೆಂಡತಿಯೂ ಅದೇ ಹೊತ್ತಿಗೆ ಬಂದಳು.

"ಏನಿದು?" ಎಂದು ಮೇಡಂ ಗೋಡೆ ತೋರಿಸಿದರು.

"ಮಾದರಿ ಮೇಡಂ. ತಾತ್ಕಾಲಿಕ," ಎಂದರು ಅಧ್ಯಕ್ಷರು ಅವಸರವಾಗಿ. "ನಾಳೆ ತೆಗೀತೀವಿ."

ಮೇಡಂ ಗೋಡೆಯನ್ನು ಒಂದು ಸುತ್ತು ಹಾಕಿದರು. ಹಿಂಬದಿಯಲ್ಲಿ ನಿಂತು ಕನ್ನಡಕ ಸರಿಪಡಿಸಿಕೊಂಡು ಓದಿದರು. ಆ ಕಾಗದವನ್ನು ನಕ್ಷೆಯವನು ಮರೆತೇಬಿಟ್ಟಿದ್ದ.

"ಇದು ನಿಮ್ಮ ಸಹೀನಾ?"

"ಹೌದು."

"ಇವರು ತಾತ್ಕಾಲಿಕ ಅಂತಾರೆ. ನೀವು ಶಾಶ್ವತ ಅಂತ ಬರೆದಿದ್ದೀರಿ. ಯಾವುದು ನಿಜ?"

ಅಧ್ಯಕ್ಷರು ಕಣ್ಣು ಹೊಡೆದರು. ಕಸರತ್ತಿನ ಮೇಷ್ಟ್ರು ಕೈ ಮುಗಿದರು. ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು. ತಾತ್ಕಾಲಿಕ ಎಂದರೆ ಆಯಿತು, ನಾಲ್ಕಕ್ಷರದ ಮಾತು. ಅವನು ಬಾಯಿ ತೆರೆದ. ಆಚೆ ಅಜ್ಜಿ ಸುಮ್ಮನೆ ಅವನನ್ನೇ ನೋಡುತ್ತಿದ್ದಳು, ಸುಣ್ಣ ತಿಂದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು.

"ಶಾಶ್ವತ!" ಎಂದ ನಕ್ಷೆಯವನು. "ನೂರು ವರ್ಷ ನಿಲ್ಲುತ್ತೆ. ಬೇಕಾದ್ರೆ ನೀವೂ ಒಂದು ಏಟು ಹೊಡೆದು ನೋಡಿ!"

ಹೆಂಡತಿ ಫ್ಲಾಸ್ಕನ್ನು ನೆಲದ ಮೇಲಿಟ್ಟು ಅದರ ಪಕ್ಕದಲ್ಲಿ ತಾನೂ ಕೂತಳು.

ಮೇಡಂ ಹೊಡೆಯಲಿಲ್ಲ. ಬರೆಯುತ್ತ ಗಟ್ಟಿಯಾಗಿ ಓದಿದರು: "ಜಾಗದಲ್ಲಿ ಈಗಾಗಲೇ ಸ್ಥಳೀಯ ಪದ್ಧತಿಯ ಶಾಶ್ವತ ಕಟ್ಟಡವಿದೆ. ಆದ್ದರಿಂದ ಹೊಸ ಭವನಕ್ಕೆ ಅವಕಾಶವಿಲ್ಲ." ಹಾರೆಯ ಗಾಯವನ್ನು ಬೆರಳಿನಿಂದ ಮುಟ್ಟಿದರು. "ಯಾರೋ ದುಷ್ಟರು ಇದಕ್ಕೆ ಹಾನಿ ಮಾಡಿದ್ದಾರೆ. ರಕ್ಷಣೆಗೆ ಸುತ್ತಲೂ ಒಂದು ಕಾಂಪೌಂಡ್ ಮಂಜೂರು ಮಾಡಬಹುದು." ತಲೆಯೆತ್ತಿ ಕೇಳಿದರು, "ಇಲ್ಲಿ ಕಾಂಪೌಂಡಿನ ನಕ್ಷೆ ಬರೆಯೋರು ಯಾರಾದ್ರೂ ಇದ್ದಾರಾ?"

ಇಡೀ ಬಡಾವಣೆ ಒಟ್ಟಿಗೆ ಅವನ ಕಡೆ ಬೆರಳು ತೋರಿಸಿತು.

ಆಮೇಲೆ ಸಿಮೆಂಟ್ ಅಂಗಡಿಯವರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ, "ಹೋಗ್ಲಿ ಬಿಡಿ ಸಾರ್. ಕಾಂಪೌಂಡಿಗೆ ಇಟ್ಟಿಗೆ ಹಾಕೋಣ್ವಾ, ಬ್ಲಾಕಾ?" ಎಂದರು.

ನಕ್ಷೆಯವನು ತರಚಿದ ಮೊಣಕಾಲನ್ನು ಒರೆಸಿಕೊಂಡು ಸೆಟೆದು ನಿಂತ.

"ಮಣ್ಣು!" ಎಂದ.

ಗೋಡೆಯಜ್ಜಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದಳು. ಸಿಮೆಂಟ್ ಅಂಗಡಿಯವರು ಚಪ್ಪಟೆಯಾಗಿದ್ದ ಚೊಂಬನ್ನು ಹುಡುಕಿ ತೆಗೆದು, ಕಲ್ಲಿನಿಂದ ತಟ್ಟಿ ತಟ್ಟಿ ನೆಟ್ಟಗೆ ಮಾಡತೊಡಗಿದರು.