ಏನೂ ಇಲ್ಲದ ಪೊದೆ

ವೆಂಡೆಲ್ ಪ್ರೂಟ್‌ನ ಲೆನ್ಸಿನ ಮುಚ್ಚಳ ಕೈಜಾರಿ, ಇಳಿಜಾರಿನಲ್ಲಿ ಉರುಳಿ, ರಸ್ತೆಯ ಕೆಳಗಿನ ಪೊದೆಯೊಳಗೆ ಹೊಕ್ಕಿತು. ಅವತ್ತಿನ ರಂಪಕ್ಕೆಲ್ಲ ಕಾರಣ ಅಷ್ಟೇ.

ವೆಂಡೆಲ್ ವಯೋಮಿಂಗಿನಲ್ಲಿ, ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲಿಗೆ ಅಂಟಿಕೊಂಡ ಸಣ್ಣ ಊರೊಂದರಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ. ಊರಿನ ಕ್ಯಾಮೆರಾ ಕ್ಲಬ್ಬು ಪ್ರತಿವರ್ಷ ಒಂದು ಕ್ಯಾಲೆಂಡರ್ ತರುತ್ತಿತ್ತು. ಅದರ ಮುಖಪುಟಕ್ಕೆ ತಾನು ತೆಗೆದ ಬೆಟ್ಟದ ಚಿತ್ರ ಒಮ್ಮೆಯಾದರೂ ಬರಬೇಕೆಂಬುದು ಅವನ ಆಸೆ. ಬರುತ್ತಿದ್ದುದು ಪಕ್ಕದ ಮನೆಯ ಡೆಲ್ಫಿನ್ ಕ್ರೌಸ್ ತೆಗೆದದ್ದು. ವೆಂಡೆಲ್‌ನದು ಒಂದು ಸಲ ಒಳಗೆ ಬಂದಿತ್ತು, ಫೆಬ್ರವರಿಗೆ. ಅದು ಎಲ್ಲಕ್ಕಿಂತ ಚಿಕ್ಕ ತಿಂಗಳು.

ಈ ವರ್ಷ ಬೇಸಿಗೆಯಿಡೀ ಕಾಡ್ಗಿಚ್ಚಿನ ಹೊಗೆ. ಬೆಟ್ಟಗಳು ಇವೆ ಎಂದು ನಂಬಿಕೊಂಡೇ ಊರು ಬದುಕಿತ್ತು. ಕೊನೆಗೆ ಮಳೆ ಬಂದು ಹೊಗೆ ತೊಳೆದುಹೋಗಿ, ಶಿಖರದ ಮೇಲೆ ಹೊಸ ಹಿಮ ಬಿದ್ದ ದಿನವೇ ಚಿತ್ರ ಕಳಿಸಲು ಕೊನೆಯ ದಿನವೂ ಆಗಿತ್ತು. ಹೆಂಡತಿ ಮಾರ್ಜಿ ಕಾಫಿ ಫ್ಲಾಸ್ಕು ಕೈಗಿಟ್ಟು ಹೇಳಿದ್ದಳು: "ಈ ಸಲಾನೂ ಆಗ್ಲಿಲ್ಲ ಅಂದ್ರೆ ಹಳೇ ಸಾಮಾನಿನ ಜೊತೆ ಕ್ಯಾಮೆರಾನೂ ಗ್ಯಾರೇಜ್ ಸೇಲಿಗೆ ಕಣ್ರೀ. ಕೆಟ್ಟೋಗಿರೋ ಟೋಸ್ಟರ್ ಪಕ್ಕದಲ್ಲೇ ಇಡ್ತೀನಿ."

ಎರಡು ಹಳದಿ ಆಸ್ಪೆನ್ ಮರಗಳ ನಡುವೆ ಶಿಖರ ನೆಟ್ಟಗೆ ಕೂರುವ ಒಂದು ತಿರುವು ವೆಂಡೆಲ್‌ಗೆ ಗೊತ್ತಿತ್ತು. ಅಲ್ಲಿ ಮೂರು ಕಾಲಿನ ಟ್ರೈಪಾಡ್ ನಿಲ್ಲಿಸಿ ಕ್ಯಾಮೆರಾ ಕೂರಿಸಿ, ಗಾಳಿಗೆ ಅಲುಗದಂತೆ ಕಲ್ಲು ತುಂಬಿದ ಚೀಲ ತೂಗುಹಾಕಿದ. ಶಿಖರಕ್ಕೆ ಮೋಡ ಮುಸುಕಿತ್ತು. ಕಾಯಬೇಕು. ಆಗಲೇ ಮುಚ್ಚಳ ಉರುಳಿದ್ದು.

ಅವನು ಮಂಡಿಯೂರಿ ಪೊದೆಯೊಳಗೆ ಇಣುಕುತ್ತಿದ್ದಾಗ ರಸ್ತೆಯಲ್ಲಿ ಕಾರೊಂದು ನಿಂತಿತು. ಒಂದೇ ಬಣ್ಣದ ಜಾಕೆಟ್ ತೊಟ್ಟ ಗಂಡಹೆಂಡಿರು ತುದಿಗಾಲಲ್ಲಿ ಇಳಿದು ಬಂದರು. ದೂರದ ಓಹಾಯೋದಿಂದ ಬಂದ ಡ್ವೈಟ್ ಮತ್ತು ನಾರ್ಮಾ.

"ಏನದು?" ಡ್ವೈಟ್ ಪಿಸುಗುಟ್ಟಿದ.

"ಏನೂ ಇಲ್ಲ."

ಡ್ವೈಟ್ ಹೆಂಡತಿಯ ಕಡೆ ತಿರುಗಿದ. "ಕೇಳಿಸ್ಕೊಂಡ್ಯಾ? ಗಾಡಿ ನಂಬರ್ ನೋಡು, ಈ ಕಡೇದೇ. ಊರಿನೋರು ಏನೂ ಇಲ್ಲ ಅಂದ್ರೆ ಕರಡಿ ಇದೆ ಅಂತ ಅರ್ಥ. ಲಾಡ್ಜಿನೋನು ಹೇಳಿರ್ಲಿಲ್ವಾ?"

ಲಾಡ್ಜಿನವನು ಹೇಳಿದ್ದು ಸುಳ್ಳಲ್ಲ. ಹೋದ ವರ್ಷ ವೆಂಡೆಲ್ ತಾನೇ, ಎದುರಿಗೆ ಮರಿಗಳ ಜೊತೆ ಕರಡಿ ನಿಂತಿದ್ದಾಗ, ದಾರಿಹೋಕರಿಗೆ ಏನೂ ಇಲ್ಲ ಎಂದು ಹೇಳಿ ಕಳಿಸಿದ್ದ.

"ಲೆನ್ಸಿನ ಮುಚ್ಚಳ ಹುಡುಕ್ತಿದ್ದೀನಿ ಸ್ವಾಮಿ."

"ಮುಚ್ಚಳವಂತೆ!" ನಾರ್ಮಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಎಷ್ಟು ಚೆನ್ನಾಗಿ ಹೇಳ್ತಾರೆ ನೋಡ್ರೀ!"

ಆ ಉದ್ಯಾನದಲ್ಲಿ ಒಂದು ಕಾರು ನಿಂತರೆ ಎರಡನೆಯದು ನಿಲ್ಲುತ್ತದೆ. ಎರಡು ನಿಂತ ಮೇಲೆ ಮೂರನೆಯದಕ್ಕೆ ಕಾರಣವೇ ಬೇಕಿಲ್ಲ. ಕಾಫಿ ಆರುವುದರೊಳಗೆ ಬೆಲ್ಲದಚ್ಚಿಗೆ ಇರುವೆ ಹತ್ತಿದ ಹಾಗೆ ಜನ ಇಳಿಜಾರಿಗೆ ಹತ್ತಿಕೊಂಡರು. ಎಲ್ಲರ ಟ್ರೈಪಾಡೂ ವೆಂಡೆಲ್‌ನ ಆಸ್ಪೆನ್ ಮರಗಳಿಗೆ ಅಡ್ಡ. ಎಲ್ಲರ ಲೆನ್ಸೂ ಪೊದೆಯ ಕಡೆ.

"ಕಂದು ಕಿವಿ ಅಲ್ಲಾಡ್ತು!"

"ಒಂದಲ್ಲ, ಎರಡಿವೆ. ಗಟ್ಟಿಯಾಗಿ ಮಾತಾಡ್ಬೇಡಿ."

"ವಾಸನೆ ಬರ್ತಿದೆ ಅಲ್ವಾ?"

ಇಷ್ಟು ಜನ ಇಷ್ಟು ಖಚಿತವಾಗಿ ಹೇಳುವಾಗ ವೆಂಡೆಲ್‌ಗೂ ಅನುಮಾನ ಬಂತು. ಆಗಿನಿಂದ ಕೈಹಾಕಿ ತಡಕುತ್ತಿದ್ದ ಪೊದೆಯನ್ನೇ ಅವನು ಒಂದು ಹೆಜ್ಜೆ ಹಿಂದೆ ಸರಿದು ಕುತೂಹಲದಿಂದ ನೋಡಿದ.

"ಏನ್ರೀ ವೆಂಡೆಲ್, ಪಕ್ಕದ ಮನೆಯೋರಿಗೂ ಹೇಳಬಾರದಾ?" ಒನಕೆಯುದ್ದದ ಲೆನ್ಸು ಹೆಗಲಿಗೇರಿಸಿಕೊಂಡು ಡೆಲ್ಫಿನ್ ಕ್ರೌಸ್ ಪ್ರತ್ಯಕ್ಷಳಾದಳು.

"ಕರಡಿ ಇಲ್ಲ ಡೆಲ್ಫಿನ್."

"ನನ್ನ ಹತ್ರಾನೂ ಅದೇ ಕತೆ! ಇರ್ಲಿ ಬಿಡಿ."

ಅಷ್ಟರಲ್ಲಿ ಉದ್ಯಾನ ಕಾಯುವ ರೇಂಜರ್ ಹುಡುಗಿ ಬಂದಳು. "ಸಾರ್, ಮೊದ್ಲು ನಿಂತಿದ್ದು ನೀವಂತೆ. ಕರಡಿ ಎಲ್ಲಿದೆ?"

"ಇಲ್ಲವೇ ಇಲ್ಲ ಮೇಡಂ."

"ಇಲ್ಲ ಅಂತ ಖಾತ್ರೀನಾ?"

ವೆಂಡೆಲ್ ಪೊದೆಯನ್ನು ನೋಡಿದ. ಒಂದು ಕ್ಷಣ ತಡವಾಯಿತು.

"ಖಾತ್ರಿ ಇಲ್ಲ," ಎಂದು ರೇಂಜರ್ ತೀರ್ಮಾನಿಸಿದಳು. "ಎಲ್ಲರೂ ನೂರು ಗಜ ಹಿಂದಕ್ಕೆ! ರಸ್ತೆ ದಾಟಿ ಆ ದಿಬ್ಬದ ಮೇಲಕ್ಕೆ ನಡೀರಿ. ಸಾರ್, ನೀವೂ."

"ನನ್ನ ಕ್ಯಾಮೆರಾ…"

"ಕರಡಿಗೆ ಫೋಟೋ ಹುಚ್ಚಿಲ್ಲ ಸಾರ್, ಅಲ್ಲೇ ಇರ್ಲಿ. ನಡೀರಿ."

ಕಲ್ಲಿನ ಚೀಲ ಬಿಚ್ಚಲು ಬಿಡುವಿರಲಿಲ್ಲ. ವೆಂಡೆಲ್ ಹಿಂದೆ ಹಿಂದೆ ನೋಡುತ್ತ ದಿಬ್ಬ ಹತ್ತಿದ. ಎಲ್ಲರಿಗಿಂತ ಕೊನೆಗೆ ಏದುಸಿರು ಬಿಡುತ್ತ ಬಂದ ಡ್ವೈಟ್ ದೂರದಿಂದಲೇ ಅವನಿಗೆ ಹೆಬ್ಬೆರಳೆತ್ತಿ ತೋರಿಸಿದ. ಯಾತಕ್ಕೆಂದು ತಿಳಿಯದೆ ವೆಂಡೆಲ್ ಕೂಡ ಎತ್ತಿದ.

ಆಗ ಮೋಡ ಹರಿಯಿತು.

ಹೊಸ ಹಿಮಕ್ಕೆ ಬಿಸಿಲು ಬಿತ್ತು. ಶಿಖರ, ಅದರ ಕೆಳಗೆ ಹೊತ್ತಿಕೊಂಡಂಥ ಎರಡು ಹಳದಿ ಮರ, ನಡುವೆ ಒಂದು ನರಪಿಳ್ಳೆಯೂ ಇಲ್ಲ. ವೆಂಡೆಲ್‌ನ ಕ್ಯಾಮೆರಾ ಮಾತ್ರ ನೂರು ಗಜ ಕೆಳಗೆ. ಮರುಕ್ಷಣವೇ ಅವನ ಕೈ ಜೇಬಿಗೆ ಹೋಯಿತು. ದೂರದಿಂದಲೇ ಕ್ಯಾಮೆರಾ ಕ್ಲಿಕ್ಕಿಸುವ ರಿಮೋಟ್!

ಜಾಗ ಅವನು ಆರಿಸಿದ್ದು. ಕ್ಯಾಮೆರಾ ಅವನು ನಿಲ್ಲಿಸಿದ್ದು. ಅಡ್ಡ ನಿಂತಿದ್ದವರನ್ನೆಲ್ಲ ಸರ್ಕಾರವೇ ಸರಿಸಿಕೊಟ್ಟಿದೆ. ವೆಂಡೆಲ್ ಒತ್ತಿದ. ಮತ್ತೆ ಒತ್ತಿದ. ಮೋಡ ಮುಚ್ಚುವವರೆಗೂ ಒತ್ತುತ್ತಲೇ ಇದ್ದ. ಮುಖಪುಟ ಅವನ ಕಣ್ಣಮುಂದೆ ಅಚ್ಚಾಗುತ್ತಿತ್ತು.

ರೇಂಜರ್ ಪೊದೆಯ ಹತ್ತಿರ ಹೋಗಿ ಕೂಗು ಹಾಕಿ ಚಪ್ಪಾಳೆ ತಟ್ಟಿದಳು. ಒಂದು ಅಳಿಲು ಹೊರಗೆ ಬಂದು ಎಲ್ಲರನ್ನೂ ನೋಡಿತು. ದೂರದಿಂದ ಬಂದವರು ಬರಿಗೈಲಿ ಹೋಗಲಾರದೆ ಅದರ ಫೋಟೋ ತೆಗೆದುಕೊಂಡರು.

ವೆಂಡೆಲ್ ಇಳಿಜಾರು ಓಡಿ ಇಳಿದ. ಕ್ಯಾಮೆರಾ ಇಟ್ಟಲ್ಲೇ ಇತ್ತು. ಲೆನ್ಸಿಗೆ ಮುಚ್ಚಳವೂ ಇತ್ತು.

"ಸಿಕ್ತು ನೋಡಿ!" ಹಿಂದಿನಿಂದ ಡ್ವೈಟ್ ಬಂದ. "ಪೊದೆ ಅಂಚಲ್ಲಿ ನನ್ನ ಬೂಟಿಗೇ ತಾಗ್ತು. ಧೂಳು ಕೂರಬಾರದು ಅಂತ ಹಾಕಿಟ್ಟೆ. ನೀವು ನಿಜಾನೇ ಹೇಳ್ತಿದ್ರಿ ಅಂತ ಆಗ್ಲೇ ಗೊತ್ತಾಯ್ತು."

"ಹಾಗಿದ್ರೆ ರೇಂಜರ್‌ಗೆ ಯಾಕೆ ಹೇಳ್ಲಿಲ್ಲ?"

"ಇಷ್ಟು ಜನ ನಿಂತಿದ್ರಲ್ಲ," ಎಂದ ಡ್ವೈಟ್. "ಇದ್ರೂ ಇರಬಹುದೇನೋ ಅಂತ."

ಡಿಸೆಂಬರಿನಲ್ಲಿ ಕ್ಯಾಲೆಂಡರ್ ಬಂತು. ಮುಖಪುಟದಲ್ಲಿ ಶಿಖರ, ಹೊಸ ಹಿಮ, ಎರಡು ಹಳದಿ ಆಸ್ಪೆನ್. ದಿಬ್ಬದ ಮೇಲಿನಿಂದ ಉದ್ದ ಲೆನ್ಸಿನಲ್ಲಿ ತೆಗೆದದ್ದರಿಂದ ಶಿಖರ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಕೆಳಗೆ ಡೆಲ್ಫಿನ್ ಕ್ರೌಸ್‌ಳ ಹೆಸರು.

ಮಾರ್ಜಿ ಅದನ್ನು ಅಡುಗೆಮನೆಯ ಗೋಡೆಗೆ ತೂಗುಹಾಕಿ, ಕನ್ನಡಕ ಏರಿಸಿಕೊಂಡು ಹತ್ತಿರ ಹೋದಳು. ಮರಗಳ ಮುಂದೆ, ಹುಲ್ಲಿನ ನಡುವೆ, ಕಪ್ಪಗೆ ಏನೋ ನಿಂತಿತ್ತು. ಮೂರು ಕಾಲು, ಹೊಟ್ಟೆಗೆ ಒಂದು ಚೀಲ.

"ಇದೇನ್ರೀ ಇಲ್ಲಿ, ಕರಡೀನಾ?"

ವೆಂಡೆಲ್ ಟೋಸ್ಟರಿನಿಂದ ಕಣ್ಣೆತ್ತಲಿಲ್ಲ. ಗ್ಯಾರೇಜ್ ಸೇಲಿನಲ್ಲಿ ಅದೊಂದೇ ಉಳಿದುಕೊಂಡಿತ್ತು.

"ಏನೂ ಇಲ್ಲ," ಎಂದ.