ತಗಡಿನ ಮೇಲಿನ ಬೆಳೆ

ನನ್ನ ಸೋದರಮಾವ ಜನ್ಮದಲ್ಲಿ ಒಂದು ತುಳಸಿ ಗಿಡ ನೆಟ್ಟವರಲ್ಲ. ಆದರೂ ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಮಾತಿಗೆ "ಈ ವರ್ಷ ಬೆಳೆ ಹ್ಯಾಗೆ?" ಎಂದರೆ, "ಅರ್ಧಕ್ಕರ್ಧ ಉದುರಿಹೋಯ್ತು. ಶಾಖ ಜಾಸ್ತಿಯಾಯ್ತು ಅಂತ ಕಾಣ್ತದೆ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಕೇಳಿದವರು ಪಾಪ, ತೋಟ ಯಾವ ಕಡೆ ಎಂದು ವಿಚಾರಿಸುತ್ತಿದ್ದರು. ತೋಟ ಇದ್ದದ್ದು ಸಾಗರದ ಬಾಡಿಗೆಮನೆಯ ಹಿತ್ತಿಲಲ್ಲಿ, ಅಂಗೈಯಗಲದ ಸತುವಿನ ತಗಡಿನ ಮೇಲೆ!

ಮಾವ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ನಾನು ಓದಲೆಂದು ಅವರ ಮನೆಯಲ್ಲಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಯಾವುದೋ ಪತ್ರಿಕೆ ಓದಿ, ಸತುವಿನ ಮೇಲೆ ಅದರದೇ ಆಕ್ಸೈಡನ್ನು ಬೆಳೆಸಿ ಉಪ್ಪುನೀರಿಗಿಳಿಸಿದರೆ ಬಿಸಿಲಿನಿಂದ ಕರೆಂಟು ಬರುತ್ತದೆಂಬ ಹುಚ್ಚು ಹತ್ತಿಸಿಕೊಂಡರು. ಸತುವಿಗಾಗಿ ಹಳೇ ಟಾರ್ಚ್ ಸೆಲ್ಲು ಬಿಚ್ಚಬೇಕು. ಹಾಗಾಗಿ ತೀರ್ಥಹಳ್ಳಿ ಬಸ್ಸಿಳಿದು ಬಂದ ನೆಂಟರಿಗೆ ಮೊದಲ ಪ್ರಶ್ನೆ, "ಬಂದ್ರಾ? ಸೆಲ್ ತಂದ್ರಾ?" ಕಾಫಿಯ ವಿಚಾರ ಆಮೇಲೆ. ನೆಂಟರೂ ಕಲಿತರು, ಬಾಳೆಹಣ್ಣಿಗಿಂತ ಸತ್ತ ಸೆಲ್ಲು ತಂದವರಿಗೇ ಉಪಚಾರ ಹೆಚ್ಚು.

ಮೊದಲ ಸಲ ಕರೆಂಟು ಅಳೆಯುವ ಮೀಟರಿನ ಮುಳ್ಳು ಎದ್ದಾಗ ಮಾವ ಹಿತ್ತಿಲಲ್ಲೇ ಕುಣಿದರು. ಅತ್ತೆ ಬಂದು ತಗಡಿಗೆ ಕೊಡೆ ಹಿಡಿದರು. ಮುಳ್ಳು ಇದ್ದಲ್ಲೇ ಇತ್ತು.

"ನೆರಳಲ್ಲೂ ಅಷ್ಟೇ ತೋರಿಸ್ತದಲ್ರೀ. ಹಾಗಾದ್ರೆ ಬಿಸಿಲು ಎಂಥ ಮಾಡ್ತು?"

ಮಾವನ ಮುಖ ಹುಳ್ಳಗಾಯಿತು. ಉಪ್ಪುನೀರಿಗಿಳಿದ ಸತು ಬಿಸಿಲಿಲ್ಲದೆಯೂ ಕರೆಂಟು ಕೊಡುತ್ತದೆ; ಸೆಲ್ಲು ಒಡೆದು ಮತ್ತೆ ಸೆಲ್ಲನ್ನೇ ಕಟ್ಟಿದ್ದರು! ಅಂದಿನಿಂದ ಅವರಿಗೆ ಒಂದೇ ಗುರಿ: ಕೊಡೆ ಹಿಡಿದರೆ ಮುಳ್ಳು ಇಳಿಯಬೇಕು.

ಮೂರು ತಿಂಗಳು ಒದ್ದಾಡಿದ ಮೇಲೆ ತಗಡಿನ ತುಂಬ ಬೆಳ್ಳಗೆ, ಒತ್ತಾಗಿ ಬೆಳೆ ಬಂತು. ಮಾವ ಅದನ್ನು ಒಣಗಲು ಬಚ್ಚಲ ಕಟ್ಟೆಯ ಮೇಲಿಟ್ಟು ಕಾಲೇಜಿಗೆ ಹೋದರು. ಮರುದಿನ ಹಬ್ಬ. ಹಬ್ಬದ ಮುನ್ನಾದಿನ ಪಾತ್ರೆಗಳೆಲ್ಲ ಹುಣಸೆಹಣ್ಣು ಕಾಣಲೇಬೇಕಲ್ಲ? ಸಂಜೆ ಬಂದ ಮಾವನಿಗೆ ಅತ್ತೆ ಫಳಫಳ ಹೊಳೆಯುವ ತಗಡು ಕೊಟ್ಟರು.

"ಬೂಷ್ಟು ಹಿಡಿದಿತ್ತು. ತಿಕ್ಕಿಟ್ಟಿದೀನಿ."

ಮಾವ ಬೈಯಲಿಲ್ಲ. ಬೈದಿದ್ದರೆ ಮನೆ ನಿರಾಳವಾಗುತ್ತಿತ್ತು. ಹಬ್ಬಕ್ಕೆ ಬಂದ ನೆಂಟರನ್ನು ಅವರು ಸೆಲ್ಲು ಕೇಳಲೇ ಇಲ್ಲ. ಅತ್ತೆಗೆ ಹೆದರಿಕೆಯಾದದ್ದು ಆಗ.

ವಾರ ಕಳೆದ ಮೇಲೆ ಅತ್ತೆ ಹೊಟ್ಟಿನ ಒಲೆ ಹಚ್ಚಿ, ಬೆಳೆ ಬರಿಸುವ ಅವರ ದ್ರಾವಣದ ಪಾತ್ರೆಯಲ್ಲಿ ಅದೇ ತಗಡು ಮುಳುಗಿಸಿ, ಪಾತ್ರೆಯನ್ನು ಬಿಸಿನೀರಿನೊಳಗೆ ಕೂರಿಸಿದರು. "ನೀವು ಕೊತಕೊತ ಕುದಿಸ್ತೀರಿ, ಅದಕ್ಕೇ ಉದುರ್ತದೆ. ಹೆಪ್ಪಿನ ಹಾಲಿನಷ್ಟೇ ಬೆಚ್ಚಗಿದ್ರೆ ಸಾಕು." ಬೆಳಗಿನಿಂದ ಸಂಜೆಯವರೆಗೆ ಒಲೆ ಬಿಟ್ಟು ಏಳಲಿಲ್ಲ. ಅವತ್ತು ನಮಗೆಲ್ಲ ಹಿಂದಿನ ರಾತ್ರಿಯ ತಂಗಳೇ ಗತಿ.

ಮರುದಿನ ಬಿಸಿಲಲ್ಲಿ ಅತ್ತೆ ಕೊಡೆ ಹಿಡಿದರು. ಮುಳ್ಳು ಕೂದಲೆಳೆಯಷ್ಟು ಇಳಿಯಿತು. ತೆಗೆದರು, ಏರಿತು. ಈ ಸಲ ಮಾವ ಕುಣಿಯಲಿಲ್ಲ. "ಇನ್ನೊಂದ್ಸಲ ಹಿಡಿ ಮಾರಾಯ್ತಿ. ಬೆಳೆ ನಿಂದು," ಎಂದು ಕನ್ನಡಕ ಒರೆಸಿಕೊಂಡರು.

ಮಾವ ಹೋಗಿ ಬಹಳ ವರ್ಷಗಳಾದವು. ಅತ್ತೆ ಈಗಲೂ ಹಬ್ಬಕ್ಕೆ ಮನೆಯ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ದೇವರ ಗೂಡಿನಲ್ಲಿರುವ ಆ ತಗಡೊಂದನ್ನು ಬಿಟ್ಟು. ಮೊನ್ನೆ ನಾನು ಅದನ್ನು ಕೈಗೆತ್ತಿಕೊಂಡೆ.

"ಮೆಲ್ಲಗೆ," ಎಂದರು ಅತ್ತೆ. "ಅದು ಅವ್ರ ಬೆಳೆ."